ಲಾಂಡ್ರಿಯ ಕ್ಯಾಪ್ಟನ್ ಜಾಗ ಬದಲಿಸಿದ್ದು

ಆ ಲಾಂಡ್ರಿಯ ಮೇಲ್ವಿಚಾರಕನನ್ನು ಎಲ್ಲರೂ ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದ ಹಿಂದೆ ಅವನು ವಾಲಿಬಾಲ್ ತಂಡದ ನಾಯಕನಾಗಿ ಒಂದು ಕಪ್ ಗೆದ್ದಿದ್ದ. ಒಂದೇ ಒಂದು. ಅಷ್ಟರ ಮೇಲೆ ಒಬ್ಬ ಮನುಷ್ಯ ಜೀವನಪೂರ್ತಿ ಜಂಬ ಕೊಚ್ಚಿಕೊಳ್ಳಬಹುದು ಎನ್ನುವುದಕ್ಕೆ ಅವನೇ ಸಾಕ್ಷಿ. ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಯ ಮೂಟೆಗಳು ಬಂದಿಳಿದರೆ, ಎಂಟರವರೆಗೂ ಎಲ್ಲರನ್ನೂ ಸಾಲಾಗಿ ನಿಲ್ಲಿಸಿಕೊಂಡು ಒಗ್ಗಟ್ಟು, ಛಲ, ಕೊನೆಯ ಪಾಯಿಂಟು ಎಂದು ಕೊರೆಯುತ್ತಿದ್ದ. ಮೆಷಿನ್ ನಡೆಸುವವನು ನಿಂತಲ್ಲೇ ತೂಕಡಿಸುತ್ತಿದ್ದ. ಇಸ್ತ್ರಿಯವನಿಗೆ ಆ ಕಪ್ಪಿನ ಕಥೆ ಬಾಯಿಪಾಠವಾಗಿತ್ತು. ಕೊಳೆ ಬಟ್ಟೆ ವಿಂಗಡಿಸುವ ಅತ್ತಿಗೆ, ಅಂದರೆ ಕ್ಯಾಪ್ಟನ್ನನ ಅಣ್ಣನ ಹೆಂಡತಿ, ಪಿಟ್ಟೆನ್ನದೆ ನಿಂತಿರುತ್ತಿದ್ದಳು.

ಬೆಡ್‌ಶೀಟುಗಳು ದಿನವೂ ತಡವಾಗುತ್ತಿವೆ ಎಂದು ಆಸ್ಪತ್ರೆಯಿಂದ ದೂರು ಬಂತು. ಈ ವಾರವೂ ಹೀಗೇ ಆದರೆ ನಿನ್ನ ಕುರ್ಚಿಯಲ್ಲಿ ಬೇರೆಯವನನ್ನು ಕೂರಿಸುತ್ತೇನೆ ಎಂದು ಮಾಲೀಕ ಮುಖಕ್ಕೆ ಹೊಡೆದ ಹಾಗೆ ಹೇಳಿದ. ಕ್ಯಾಪ್ಟನ್ನನಿಗೆ ಗಾಬರಿಯಾಯಿತು. ಗಾಬರಿಯಾದಾಗಲೆಲ್ಲ ಅವನಿಗೆ ವಾಲಿಬಾಲೇ ಗತಿ. ಎಂದಿಗಿಂತ ಉದ್ದನೆಯ ಭಾಷಣ ಮಾಡಿ ಹೊಸ ನಿಯಮ ಸಾರಿದ: ಅಂಕಣದಲ್ಲಿ ಆಟಗಾರರು ಜಾಗ ಬದಲಿಸುವ ಹಾಗೆ ನಾಳೆಯಿಂದ ಇಲ್ಲಿಯೂ ದಿನಕ್ಕೊಂದು ಕೆಲಸ, ಒಬ್ಬರ ಕಷ್ಟ ಇನ್ನೊಬ್ಬರಿಗೆ ತಿಳಿಯಲಿ.

ಅತ್ತಿಗೆ ಅವತ್ತು ಬಾಯಿಬಿಟ್ಟಳು. "ಆಟದಲ್ಲಿ ಕ್ಯಾಪ್ಟನ್ನೂ ಜಾಗ ಬದಲಾಯಿಸ್ತಾನೋ, ಇಲ್ಲ ಒಂದೇ ಕಡೆ ಕೂತಿರ್ತಾನೋ?"

ಸುಳ್ಳು ಹೇಳಿದರೆ ಕಪ್ಪಿಗೇ ಅವಮಾನ. ಬದಲಾಯಿಸುತ್ತಾನೆ ಎಂದು ಕ್ಯಾಪ್ಟನ್ ಒಪ್ಪಿಕೊಂಡ.

ಮರುದಿನ ಅತ್ತಿಗೆ ಕುರ್ಚಿಗೆ, ಅವನು ಕೊಳೆ ಬಟ್ಟೆಗೆ. ಏಳಕ್ಕೆ ಅಭ್ಯಾಸಬಲದಿಂದ ಅವನು ಗಂಟಲು ಸರಿಪಡಿಸಿಕೊಂಡ. ಅತ್ತಿಗೆ ಗಡಿಯಾರ ನೋಡಿ ಮೆಷಿನ್ ಹಾಕಲು ಹೇಳಿದಳು, ಅಷ್ಟೇ. ಶೀಟುಗಳ ಮಡಿಕೆಯಲ್ಲಿ ಅವನಿಗೆ ಒಂದು ಕತ್ತರಿ, ಅರ್ಧ ತಿಂದ ಬಿಸ್ಕತ್ತು, ಯಾರದೋ ಹಲ್ಲಿನ ಸೆಟ್ಟು ಸಿಕ್ಕವು. ವಾಸನೆ ತಾಳದೆ ಮೂಗಿಗೆ ಕರವಸ್ತ್ರ ಕಟ್ಟಿಕೊಂಡ. ಹನ್ನೊಂದು ವರ್ಷದಿಂದ ಇದನ್ನೇ ಅವನು ಸುಲಭದ ಜಾಗ ಎಂದು ಕರೆಯುತ್ತಿದ್ದ. ಒಂದು ದಿನವೂ ಅತ್ತಿಗೆಯನ್ನು ಹೇಗಿದೆ ಎಂದು ಕೇಳಿರಲಿಲ್ಲ. ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

ಇಸ್ತ್ರಿಯವನೂ ಮೆಷಿನಿನವನೂ ಅದಲುಬದಲಾಗಿದ್ದರಿಂದ ನಾಲ್ಕೈದು ಶೀಟು ಮುದುಡಿದ್ದವು. ಆದರೂ ಗಾಡಿ ಹೇಳಿದ ಹೊತ್ತಿಗಿಂತ ಮುಂಚೆಯೇ ಹೊರಟಿತು. ಮಧ್ಯಾಹ್ನ ಫೋನ್ ಬಂತು, ಕುರ್ಚಿಯಲ್ಲಿದ್ದ ಅತ್ತಿಗೆ ಎತ್ತಿಕೊಂಡಳು. ಇವತ್ತು ಏನು ಪವಾಡ ನಡೆಯಿತು ಎಂದು ಮಾಲೀಕ ಕೇಳಿದ್ದು ಇಡೀ ಕೋಣೆಗೆ ಕೇಳಿಸಿತು. ಕ್ಯಾಪ್ಟನ್ ಕೈಯಲ್ಲಿದ್ದ ಶೀಟು ಕೆಳಗಿಟ್ಟು ಕಿವಿಗೊಟ್ಟ. ಭಾಷಣ ನಿಂತಿತು ಎಂದು ಅತ್ತಿಗೆ ಹೇಳಿಬಿಟ್ಟರೆ ಅವನ ಕಥೆ ಮುಗಿದ ಹಾಗೆ.

"ಕ್ಯಾಪ್ಟನ್ ಮಾಡಿದ ಏರ್ಪಾಡು ಸಾರ್," ಎಂದಳು ಅತ್ತಿಗೆ. "ಅವರೇ ನಿಂತು ಕೊಳೆ ಬಟ್ಟೆ ವಿಂಗಡಿಸಿದ್ರು."

ಹೋದ ಜೀವ ಬಂದಂತಾಯಿತು ಅವನಿಗೆ. ಕೈಗವಸು ಕಳಚಿ ಅವಳ ಮುಂದೆ ಬಂದು ನಿಂತ. ಅತ್ತಿಗೆ, ನಮ್ಮ ತಂಡದಲ್ಲೂ ನಿಮ್ಮಂಥವನೇ ಒಬ್ಬ ಇದ್ದ, ಸೆಮಿಫೈನಲ್ಲಿನಲ್ಲಿ ಏನಾಯಿತೆಂದರೆ, ಎಂದು ಶುರು ಮಾಡಿದ.

ಅತ್ತಿಗೆ ತಲೆಯೆತ್ತಲಿಲ್ಲ. "ನಾಳೆ ನಿಂಗೆ ಇಸ್ತ್ರಿ. ಮಾತಾಡ್ತಾ ನಿಂತ್ರೆ ಶೀಟು ಸುಟ್ಟೋಗುತ್ತೆ."