ಲೆಕ್ಕದಕ್ಕನ ಇಪ್ಪತ್ತೊಂಬತ್ತು

ಲೆಕ್ಕದಕ್ಕನಿಗೆ ಕೂರಲು ಬರುವುದಿಲ್ಲ. ಕೂತರೆ ಮೊಣಕಾಲು ಕುಣಿಯುತ್ತದೆ, ಕುಣಿದರೆ ಪಕ್ಕದವರು ತಿರುಗಿ ನೋಡುತ್ತಾರೆ, ನೋಡಿದರೆ ಇವಳಿಗೆ ಸಿಟ್ಟು ಬರುತ್ತದೆ. ಹಾಗಾಗಿ ಮೂವತ್ತೊಂದು ವರ್ಷದಿಂದ ಅವಳು ರಂಗಮಂದಿರದ ಮೇಲ್ಮಾಳಿಗೆಯಲ್ಲಿ, ಕೊನೆಯ ಸಾಲಿನ ಕುರ್ಚಿಗಳ ಹಿಂದಿರುವ ಕಬ್ಬಿಣದ ಕಂಬಿಗೆ ಒರಗಿಕೊಂಡು, ನಿಂತೇ ಬ್ಯಾಲೆ ನೋಡಿದ್ದಾಳೆ. ಅಲ್ಲಿಗೆ ನೂರಾ ಹದಿನಾಲ್ಕು ಮೆಟ್ಟಿಲು. ಬೇರೆ ಯಾರನ್ನೇ ಕೇಳಿ, ತುಂಬಾ ಮೆಟ್ಟಿಲಿವೆ ಎನ್ನುತ್ತಾರೆ ಅಷ್ಟೆ.

ಹೊಟ್ಟೆಪಾಡಿಗೆ ಅವಳದು ದೊಡ್ಡಾಸ್ಪತ್ರೆಯ ಔಷಧಿ ಕಿಟಕಿ. ಸ್ಟೀಲ್ ತಟ್ಟೆಯ ಮೇಲೆ ಮಾತ್ರೆ ಸುರಿದು, ಚಪ್ಪಟೆ ಪಟ್ಟಿಯೊಂದರಿಂದ ಐದೈದಾಗಿ ಎಳೆದು, ಲಕೋಟೆಗೆ ತುಂಬಿ, ಹೊತ್ತು ಹೊತ್ತಿಗೆ ಎಷ್ಟು ನುಂಗಬೇಕೆಂದು ಎರಡು ಸಲ ಹೇಳಿ ಕಳಿಸುವುದು ಕೆಲಸ. ದಿನವೆಲ್ಲ ಎಣಿಸಿ ಎಣಿಸಿ ಅದು ಮೈಗೆ ಹತ್ತಿಬಿಟ್ಟಿತ್ತು. ಮನೆಯಲ್ಲಿ ತಟ್ಟೆ ತೊಳೆಯುವಾಗಲೂ ಎಣಿಸುತ್ತಿದ್ದಳು. ಅವಳಿರುವುದು ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿ. ತಮ್ಮನ ಹೆಂಡತಿ, "ನಮ್ಮನೆ ತಟ್ಟೆ ಯಾರೂ ಕದಿಯಲ್ಲ ಅತ್ತಿಗೆ" ಎಂದು ನಕ್ಕು ನಕ್ಕು ಸುಸ್ತಾಗಿ ಕೊನೆಗೆ ಸುಮ್ಮನಾದಳು. ಮದುವೆಯ ಮಾತು ಎರಡು ಬಾರಿ ಬಂದಿತ್ತು. ಎರಡೂ ಸಲ ಹುಡುಗ ಬರುವ ಸಂಜೆ ಬ್ಯಾಲೆ ಇತ್ತು. ಮುಂದಿನದನ್ನು ನೀವೇ ಊಹಿಸಿಕೊಳ್ಳಿ.

ಮೇಲ್ಮಾಳಿಗೆಯಲ್ಲಿ ಅವಳ ಅಕ್ಕಪಕ್ಕ ನಿಲ್ಲುವವರು ಇಬ್ಬರು. ಒಬ್ಬರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಇನ್ನೊಬ್ಬರು ಹಲ್ಲಿನ ಡಾಕ್ಟ್ರಮ್ಮ. ಮೂವರೂ ಸೇರಿದರೆ ಕೆಳಗೆ ಕುಣಿಯುವವರ ಏಳು ತಲೆಮಾರು ಹೊರಗೆ ಬರುತ್ತಿತ್ತು. ಅವಳ ಕೈ ಚೆಂದ, ಕುತ್ತಿಗೆ ಮಾತ್ರ ಮರದ್ದು. ಇವನು ಹಾರುವುದೇನೋ ಹಾರುತ್ತಾನೆ, ಇಳಿಯುವಾಗ ಅಕ್ಕಿ ಮೂಟೆ ಹಾಕಿದ ಸದ್ದು. ನೃತ್ಯಗಾರರಿಗೆ ಹೇಗೆ ತರಬೇತಿಯೋ ಪ್ರೇಕ್ಷಕರಿಗೂ ಹಾಗೇ ತರಬೇತಿ ಬೇಕು ಎನ್ನುವುದು ಮೇಲ್ಮಾಳಿಗೆಯ ಸಿದ್ಧಾಂತ. ಕಾಲು ನೆಲ ಮುಟ್ಟುವ ಮೊದಲು ಚಪ್ಪಾಳೆ ತಟ್ಟಿದವನನ್ನೂ, ನಿಧಾನದ ಕುಣಿತದ ನಡುವೆ ಚಾಕೊಲೇಟಿನ ಕಾಗದ ಬಿಚ್ಚಿದವಳನ್ನೂ ಲೆಕ್ಕದಕ್ಕ ತಿರುಗಿ ಒಂದು ನೋಟ ನೋಡಿದರೆ ಸಾಕು, ಅವರು ವಿರಾಮದ ನಂತರ ಬೇರೆ ಕಡೆ ಜಾಗ ಹುಡುಕಿಕೊಳ್ಳುತ್ತಿದ್ದರು. ಫೋನ್ ತೆಗೆದವರ ಪಾಡಂತೂ ಕೇಳಲೇಬೇಡಿ. ಕೋಪ ಅವಳಿಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಅವಳ ಹೆಸರಿಗೆ ಕಾರಣವಾದದ್ದು ಆ ಒಂದು ಬ್ಯಾಲೆ. ಅದರ ಮೂರನೆಯ ಅಂಕದಲ್ಲಿ ನಾಯಕಿ ಒಂಟಿಕಾಲಿನ ಮೇಲೆ, ನಿಂತ ಜಾಗ ಬಿಡದೆ, ಮೂವತ್ತೆರಡು ಸುತ್ತು ಸುತ್ತಬೇಕು. ಎಷ್ಟೋ ಜನ ಇಪ್ಪತ್ತೈದಕ್ಕೆ ಸುಸ್ತಾಗಿ ಬೇರೇನೋ ಮಾಡಿ ಮುಗಿಸುತ್ತಾರೆ, ಕೆಳಗೆ ಕೂತವರಿಗೆ ಗೊತ್ತೂ ಆಗುವುದಿಲ್ಲ. ಮೇಲ್ಮಾಳಿಗೆಗೆ ಗೊತ್ತಾಗುತ್ತದೆ, ಏಕೆಂದರೆ ಲೆಕ್ಕದಕ್ಕ ಎಣಿಸುತ್ತಾಳೆ. ಆಟ ಮುಗಿದ ಮೇಲೆ ಎದುರಿನ ಟೀ ಅಂಗಡಿಯಲ್ಲಿ ಅವಳು ಸಂಖ್ಯೆ ಹೇಳುವವರೆಗೆ ಯಾರೂ ಬಾಯಿ ಬಿಡುವಂತಿಲ್ಲ. ಅವಳು ಹೇಳಿದ್ದನ್ನು ಮೇಷ್ಟ್ರು ಅಂತರ್ಜಾಲದ ಅಭಿಮಾನಿಗಳ ಪುಟದಲ್ಲಿ ಹಾಕುತ್ತಾರೆ. ಅದು ಕಲ್ಲಿನಲ್ಲಿ ಕೊರೆದ ಹಾಗೆ.

ಆ ಗುರುವಾರ ಮಧ್ಯಾಹ್ನದ ಪ್ರದರ್ಶನಕ್ಕೆ ಲೆಕ್ಕದಕ್ಕ ಅರ್ಧ ದಿನ ರಜೆ ಹಾಕಿದ್ದಳು. ದೊಡ್ಡ ನಾಯಕಿಯ ಪಾದ ಉಳುಕಿತ್ತು, ಅವಳ ಬದಲು ಮಿಡತೆಗೆ ಪಾತ್ರ ಸಿಕ್ಕಿತ್ತು. ಮಿಡತೆ ಎಂಬುದು ಮೇಲ್ಮಾಳಿಗೆ ಇಟ್ಟ ಹೆಸರು, ಹುಡುಗಿಗೆ ಮೈಗಿಂತ ಕಾಲೇ ಹೆಚ್ಚು. ನಾಲ್ಕು ವರ್ಷದಿಂದ ಹಿಂದಿನ ಸಾಲಿನಲ್ಲಿ ಇಪ್ಪತ್ತು ಜನರ ನಡುವೆ ಕುಣಿಯುತ್ತಿದ್ದವಳನ್ನು ಮೊದಲು ಗುರುತಿಸಿದ್ದೇ ಲೆಕ್ಕದಕ್ಕ. "ಎಡದಿಂದ ನಾಲ್ಕನೆಯವಳನ್ನ ನೋಡಿ, ಬರ್ದಿಟ್ಕೊಳ್ಳಿ" ಎಂದಿದ್ದಳು. ಗುರುವಾರ ಚೆನ್ನಾಗಿ ಆದರೆ ಭಾನುವಾರದ ಸಂಜೆಯ ಆಟವೂ ಮಿಡತೆಗೇ. ಭಾನುವಾರ ಊರಿನ ದೊಡ್ಡವರೆಲ್ಲ ಬರುತ್ತಾರೆ. ಅಲ್ಲಿ ಗೆದ್ದವಳು ಮತ್ತೆ ಹಿಂದಿನ ಸಾಲಿಗೆ ಹೋಗುವ ಮಾತಿಲ್ಲ.

ಮೊದಲ ಎರಡು ಅಂಕ ಮುಗಿಯುವ ಹೊತ್ತಿಗೆ ಲೆಕ್ಕದಕ್ಕನ ಅಂಗೈ ಬೆವತು ಕಂಬಿ ಜಾರುತ್ತಿತ್ತು. ಹೆತ್ತ ತಾಯಿಯೂ ಅಷ್ಟು ಒದ್ದಾಡಿರಲಾರಳು. ಮೂರನೆಯ ಅಂಕ ಬಂತು, ಸುತ್ತು ಶುರುವಾಯಿತು, ಇವಳ ತುಟಿಯೂ ಶುರುವಾಯಿತು. ಹುಡುಗಿ ಬುಗುರಿಯ ಹಾಗೆ ತಿರುಗುತ್ತಿದ್ದಳು. ಅಷ್ಟರಲ್ಲಿ ಮುಂದಿನ ಕುರ್ಚಿಯವನು ಫೋನ್ ಎತ್ತಿ ಹಿಡಿದಿರುವುದು ಲೆಕ್ಕದಕ್ಕನ ಕಣ್ಣಿಗೆ ಬಿತ್ತು. ಅವಳು ಕಂಬಿಯ ಮೇಲಿಂದ ಬಾಗಿ ಅವನ ಫೋನಿಗೆ ಕೈ ಅಡ್ಡ ಹಿಡಿದಳು, ಎರಡು ಮಾತು ಬಿಗಿದಳು, ಎಣಿಕೆ ಮುಂದುವರಿಸಿದಳು. ಸಂಗೀತ ಮುಗಿಯಿತು, ಹುಡುಗಿ ಗಕ್ಕನೆ ನಿಂತಳು, ಸಭಾಂಗಣ ಎದ್ದು ಚಪ್ಪಾಳೆ ತಟ್ಟಿತು. ಲೆಕ್ಕದಕ್ಕನ ಮುಖ ಮಾತ್ರ ಬಾಡಿಹೋಗಿತ್ತು.

"ಇಪ್ಪತ್ತೊಂಬತ್ತು" ಎಂದಳು ಟೀ ಅಂಗಡಿಯಲ್ಲಿ.

"ಅದ್ಹೇಗೆ? ಸಂಗೀತ ಮುಗಿಯೋವರೆಗೂ ತಿರುಗಿದ್ಳಲ್ಲ!" ಎಂದರು ಡಾಕ್ಟ್ರಮ್ಮ.

"ನಿಧಾನಕ್ಕೆ ತಿರುಗಿರ್ತಾಳೆ. ನಂಗೇನು ಖುಷಿನಾ ಹೇಳೋಕೆ?"

ಮೇಷ್ಟ್ರು ಟೀ ಲೋಟ ಕೆಳಗಿಟ್ಟರು. "ನಮ್ಮ ಹುಡುಗಿ ಅಲ್ವೇನ್ರಿ ಅಕ್ಕಾ. ಮೂವತ್ತೆರಡು ಅಂತ್ಲೇ ಹಾಕ್ತೀನಿ ಬಿಡಿ. ಯಾರ್ ಕೇಳ್ತಾರೆ?"

"ನಮ್ಮ ಹುಡುಗಿ ಅಂತ ಸೇರಿಸೋದು, ಬೇರೆಯವರ ಹುಡುಗಿ ಅಂತ ಕಳೆಯೋದು, ಅದೇನು ಲೆಕ್ಕಾನಾ? ಇದ್ದಿದ್ದನ್ನ ಇದ್ದ ಹಾಗೆ ಹಾಕಿ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಮೇಷ್ಟ್ರು ನಿಟ್ಟುಸಿರು ಬಿಟ್ಟು, ಕನ್ನಡಕ ಏರಿಸಿ, "ಮಿಡತೆ ಇಪ್ಪತ್ತೊಂಬತ್ತಕ್ಕೇ ನಿಂತಳು. ಲೆಕ್ಕ: ಲೆಕ್ಕದಕ್ಕ" ಎಂದು ಫೋನಿನಲ್ಲಿ ಬೆರಳಿನಿಂದ ಒತ್ತಿದರು. ಅವರು ಟೀ ಕುಡಿದು ಮುಗಿಸುವಷ್ಟರಲ್ಲಿ ಅದರ ಕೆಳಗೆ ನಲವತ್ತು ಜನ ಜಗಳ ಶುರು ಮಾಡಿದ್ದರು. ಹೊಸ ಹುಡುಗಿಯರಿಗೆ ಅವಸರ ಎಂದರು ಕೆಲವರು, ಹೊಗಳಿ ಹೊಗಳಿ ಮೇಲ್ಮಾಳಿಗೆಯವರೇ ಕೆಡಿಸಿದರು ಎಂದರು ಕೆಲವರು. ತಾನು ಸತ್ಯ ಹೇಳಿದೆ ಎಂಬ ಹೆಮ್ಮೆ ಲೆಕ್ಕದಕ್ಕನಿಗೆ ಇರಬೇಕಿತ್ತು. ಆದರೆ ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ಆ ಸುತ್ತುಗಳನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಎಣಿಸುತ್ತಿದ್ದಳು.

ಶುಕ್ರವಾರ ಔಷಧಿ ಕಿಟಕಿಯಲ್ಲಿ ಸಾಲು ಉದ್ದಕ್ಕಿತ್ತು. ಸಾಲು ಮುರಿದು ಮುಂದೆ ನುಗ್ಗಿದ ಒಬ್ಬನನ್ನು ಲೆಕ್ಕದಕ್ಕ ಮಾತ್ರೆ ಎಣಿಸುತ್ತಲೇ ತರಾಟೆಗೆ ತೆಗೆದುಕೊಂಡಳು. ಸ್ವಲ್ಪ ಹೊತ್ತಿಗೆ, ಆಗಷ್ಟೇ ಲಕೋಟೆ ಒಯ್ದಿದ್ದ ಮುದುಕ ವಾಪಸು ಬಂದು ನಿಂತ.

"ಇದ್ರಲ್ಲಿ ಎರಡು ಜಾಸ್ತಿ ಬಂದಿದೆ ತಾಯಿ."

"ಸಾಧ್ಯಾನೇ ಇಲ್ಲ."

ಸುರಿದು ಎಣಿಸಿದಳು. ಎರಡು ಜಾಸ್ತಿಯೇ ಇತ್ತು. ಪಕ್ಕದ ಕಿಟಕಿಯಲ್ಲಿ ಕೂರುವ ಸಹೋದ್ಯೋಗಿ ತಲೆ ಎತ್ತದೆ ಹೇಳಿದ: "ಅಕ್ಕಾ, ನೀವು ಯಾರನ್ನಾದ್ರೂ ಬೈತಾ ಇರುವಾಗ ಹೀಗಾಗುತ್ತೆ. ಕೈ ಎಳೀತಾ ಇರುತ್ತೆ, ಬಾಯಿ ಲೆಕ್ಕ ಬಿಟ್ಟಿರುತ್ತೆ. ಎಷ್ಟೋ ಸಲ ನಾನೇ ಸರಿ ಮಾಡಿದೀನಿ. ನಿಮಗೆ ಹೇಳೋ ಧೈರ್ಯ ಯಾರಿಗಿದೆ?"

ಅವಳ ಕೈಯಲ್ಲಿದ್ದ ಪಟ್ಟಿ ತಟ್ಟೆಗೆ ತಗುಲಿ ಟಣ್ ಎಂದಿತು. ನಿನ್ನೆ ಆ ಫೋನಿನವನಿಗೆ ಎಷ್ಟು ಹೊತ್ತು ಬೈದಿದ್ದೆ? ಎರಡೇ ಮಾತು. ಎರಡು ಮಾತಿಗೆ ಎಷ್ಟು ಸುತ್ತು? ಆ ದಿನ ಉಳಿದ ಲಕೋಟೆಗಳನ್ನೆಲ್ಲ ಅವಳು ಮೂರು ಮೂರು ಸಲ ಎಣಿಸಿದಳು, ಸಾಲಿನಲ್ಲಿದ್ದವರು ಗೊಣಗಿದರು, ಅವಳು ಯಾರಿಗೂ ತಿರುಗಿ ಏನೂ ಅನ್ನಲಿಲ್ಲ.

ಸಂಜೆ ಮನೆಗೆ ಬಂದರೆ ತಮ್ಮನ ಮಗಳು ನಗು ತಡೆಯಲಾಗದೆ ಬಾಗಿಲಲ್ಲೇ ಕಾಯುತ್ತಿದ್ದಳು. "ಅತ್ತೆ, ನೀನು ಫೇಮಸ್ ಆಗ್ಬಿಟ್ಟೆ! ಯಾವನೋ ನಿನ್ನ ಮೇಲೆ ಕಂಪ್ಲೇಂಟ್ ಹಾಕಿದಾನೆ, ನೋಡು."

ಫೋನಿನವನು ಭಾರೀ ಹಠಮಾರಿ. ಅವಳು ಕೈ ಅಡ್ಡ ಹಿಡಿದರೂ ಚಿತ್ರೀಕರಣ ನಿಲ್ಲಿಸಿರಲಿಲ್ಲ. "ಮೇಲ್ಮಾಳಿಗೆಯ ಈ ಹೆಂಗಸಿನಿಂದ ಬ್ಯಾಲೆ ನೋಡುವ ಹಾಗಿಲ್ಲ" ಎಂದು ಬರೆದು ಸುತ್ತಿನ ವಿಡಿಯೋ ಪೂರ್ತಿ ಹಾಕಿದ್ದ. ಮೊದಮೊದಲು ರಂಗದ ಮೇಲೆ ಪುಟ್ಟದಾಗಿ ಮಿಡತೆ, ಹಿಂದಿನಿಂದ ಲೆಕ್ಕದಕ್ಕನ ಪಿಸುಗುಟ್ಟುವ ದನಿ. ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡಿದ್ದಳು ಪಾಪ, ಅದು ಸಂಗೀತದ ಜೊತೆಗೇ ಕೇಳುತ್ತಿತ್ತು. "ಹದಿನೇಳು, ಹದಿನೆಂಟು, ರೀ, ಇಳಿಸ್ರೀ ಅದನ್ನ! ನೋಡೋಕ್ ಬಂದಿದೀರೋ ಶೂಟಿಂಗ್ ಮಾಡೋಕೋ? ಹತ್ತೊಂಬತ್ತು, ಇಪ್ಪತ್ತು." ಅಷ್ಟು ಹೊತ್ತೂ ಅವಳ ಬೆರಳುಗಳ ಸಂದಿಯಲ್ಲಿ ಆ ಕಾಲು ತಿರುಗುತ್ತಲೇ ಇತ್ತು.

"ಹಿಂದಕ್ಕೆ ಹಾಕೇ" ಎಂದಳು. ತಮ್ಮನ ಮಗಳು ಹಿಂದಕ್ಕೆ ಹಾಕಿ, ಬೆರಳು ಮಡಚುತ್ತಾ ನೋಡಿದಳು. "ನೀನು ಬೈಯೋವಾಗ್ಲೇ ಮೂರು ಸುತ್ತು ಆಗೋಯ್ತು ಅತ್ತೆ."

ಲೆಕ್ಕದಕ್ಕ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಕ್ಷಣವೇ ಮೇಷ್ಟ್ರಿಗೆ ಫೋನ್ ಮಾಡಬೇಕಿತ್ತು, ಮಾಡಲಿಲ್ಲ. ಮುಚ್ಚಿಟ್ಟು ಏನು ಪ್ರಯೋಜನ, ಅವಳಿಗೆ ನಾಚಿಕೆಯಾಗಿತ್ತು. ಮೂವತ್ತೊಂದು ವರ್ಷದಲ್ಲಿ ತನ್ನದು ಎಂದು ಅವಳಿಗಿದ್ದದ್ದು ಆ ಹೆಸರೊಂದೇ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ತಿರುಗುತ್ತಾ, ಭಾನುವಾರ ಹುಡುಗಿ ಹೇಗೂ ಕುಣಿಯುತ್ತಾಳಲ್ಲ, ಆಗ ಮೂವತ್ತೆರಡು ಎಂದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಯಾರು ತಾನೇ ಮೇಲ್ಮಾಳಿಗೆಯ ಮಾತು ಕೇಳಿ ಪಾತ್ರ ಕೊಡುತ್ತಾರೆ, ತೆಗೆಯುತ್ತಾರೆ?

ಶನಿವಾರ ಬೆಳಗ್ಗೆ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಬಸ್ಸು ರಂಗಮಂದಿರದ ಮುಂದೆ ನಿಂತಿತು. ಗೋಡೆಯ ಮೇಲಿನ ಪ್ರಕಟಣೆಯಲ್ಲಿ ಭಾನುವಾರದ ನಾಯಕಿಯ ಜಾಗದಲ್ಲಿದ್ದ ಮಿಡತೆಯ ಹೆಸರಿನ ಮೇಲೆ ಬಿಳಿ ಚೀಟಿ ಅಂಟಿಸಿದ್ದರು. ಚೀಟಿಯಲ್ಲಿ ಬೇರೆ ಹೆಸರಿತ್ತು. ಲೆಕ್ಕದಕ್ಕ ಬಸ್ಸಿನಲ್ಲೇ ಮೇಷ್ಟ್ರಿಗೆ ಫೋನ್ ಹಚ್ಚಿದಳು.

"ನನ್ ಲೆಕ್ಕ ತಪ್ಪು ಅಂತ ಹಾಕಿ. ಈಗ್ಲೇ ಹಾಕಿ."

"ಏನ್ರೀ ಇದು ಬೆಳ್ಬೆಳಗ್ಗೆ! ನಿಮ್ಮ ಲೆಕ್ಕಾನೇ ತಪ್ಪು ಅಂದ್ರೆ ನಮ್ಮ ಮೇಲ್ಮಾಳಿಗೆ ಮರ್ಯಾದೆ ಏನಾಗ್ಬೇಕು?"

"ಮೂರಾಬಟ್ಟೆ ಆಗ್ಲಿ! ಮೂವತ್ತೆರಡು, ತಪ್ಪು ಲೆಕ್ಕದಕ್ಕಂದು ಅಂತ ಹಾಕಿ ಅಂದ್ನಲ್ಲ."

ಬಸ್ಸಿನವರೆಲ್ಲ ತಿರುಗಿ ನೋಡಿದರು. ನೋಡಿಕೊಳ್ಳಲಿ.

ಮಧ್ಯಾಹ್ನ ಕೆಲಸ ಮುಗಿದದ್ದೇ ಅವಳು ರಂಗಮಂದಿರದ ಹಿಂಬಾಗಿಲಿಗೆ ಹೋದಳು. ಮೇಲ್ಮಾಳಿಗೆಯವರು ಅಲ್ಲಿಗೆ ಹೋಗುವವರಲ್ಲ. ಹೂ ಹಿಡಿದು ಕಾಯುವುದು, ಕೈ ಕುಲುಕಿ ಫೋಟೋ ತೆಗೆಸಿಕೊಳ್ಳುವುದು ಕೆಳಗಿನ ಕುರ್ಚಿಯವರ ಚಾಳಿ ಎಂದು ಅವರ ಅಭಿಪ್ರಾಯ. ಕಾವಲಿನವನು ಯಾರು ಬೇಕು ಎಂದು ಕೇಳಿದಾಗ ಅವಳಿಗೆ ಹುಡುಗಿಯ ನಿಜವಾದ ಹೆಸರು ತಕ್ಷಣ ಬಾಯಿಗೆ ಬರಲಿಲ್ಲ. ಒಂದು ಗಂಟೆ ಆ ಕಡೆ ಈ ಕಡೆ ಓಡಾಡಿದಳು. ಆಡಬೇಕಾದ ಮಾತನ್ನು ಜೋಡಿಸಿಕೊಂಡಳು, ಮತ್ತೆ ಬಿಚ್ಚಿದಳು, ಮತ್ತೆ ಜೋಡಿಸಿದಳು.

ಹೊರಗೆ ಬಂದ ಮಿಡತೆ ಹತ್ತಿರದಿಂದ ಇನ್ನೂ ಮಗುವಿನ ಹಾಗಿದ್ದಳು. ಹೆಗಲ ಮೇಲೆ ದೊಡ್ಡ ಚೀಲ, ಕಾಲಿಗೆ ಹವಾಯಿ ಚಪ್ಪಲಿ, ಎರಡು ಬೆರಳಿಗೆ ಪ್ಲಾಸ್ಟರ್. ಅವಳೇ ಮೊದಲು ನಿಂತಳು.

"ಲೆಕ್ಕದಕ್ಕ ಅಲ್ವಾ ನೀವು?"

ಜೋಡಿಸಿದ್ದ ಮಾತೆಲ್ಲ ಹಾರಿಹೋಯಿತು. "ಮೂವತ್ತೆರಡಮ್ಮಾ" ಎಂದಳು ಲೆಕ್ಕದಕ್ಕ. "ಅವತ್ತು ಮೂವತ್ತೆರಡೇ ಆಗಿತ್ತು. ಒಬ್ಬನಿಗೆ ಬೈತಾ ಬೈತಾ ನಾನೇ ಮೂರು ಬಿಟ್ಬಿಟ್ಟೆ. ಬಾ, ನಿಮ್ಮ ಗುರುಗಳ ಹತ್ರ ಹೋಗೋಣ. ನಂಬದೇ ಇದ್ರೆ ವಿಡಿಯೋ ಇದೆ, ತೋರಿಸ್ತೀನಿ. ನನ್ ಮಾತು ಕೇಳಿ ನಿನ್ನ ಹೆಸರು ತೆಗೆದ್ರಲ್ಲ, ಅವರಿಗೆ ಕಣ್ಣಿರಲಿಲ್ವಾ?"

ಹುಡುಗಿ ಚೀಲ ಕೆಳಗಿಳಿಸಿದಳು. "ಗುರುಗಳು ತೆಗೀಲಿಲ್ಲ ಅಕ್ಕಾ."

"ಮತ್ತೆ?"

"ಅವ್ರು ನಂಬಲೇ ಇಲ್ಲ. ನಂಗೇನೋ ಪೂರ್ತಿ ಆದ ಹಾಗಿತ್ತು, ನೀನೇನಂತೀಯಾ ಅಂತ ನನ್ನೇ ಕೇಳಿದ್ರು. ನಾವು ಎಣಿಸಲ್ಲ ಅಕ್ಕಾ, ಎಣಿಸಿದ್ರೆ ಕಾಲು ತಪ್ಪುತ್ತೆ, ಸಂಗೀತದ ಜೊತೆ ಹೋಗ್ತೀವಿ ಅಷ್ಟೆ. ನಾನು ಹೇಳ್ದೆ, ಲೆಕ್ಕದಕ್ಕ ಇಪ್ಪತ್ತೊಂಬತ್ತು ಅಂದಿದ್ರೆ ಇಪ್ಪತ್ತೊಂಬತ್ತೇ ಅಂತ. ಕಲಿಯೋವಾಗ ಆರು ವರ್ಷ ನಾನೂ ಮೇಲ್ಮಾಳಿಗೇಲೇ ನಿಂತು ನೋಡಿದ್ದು. ನೀವು ಒಂದ್ಸಲಾನೂ ತಪ್ಪಿದ್ದಿಲ್ಲ." ಹುಡುಗಿ ಪ್ಲಾಸ್ಟರಿನ ಬೆರಳು ನೋಡಿಕೊಂಡಳು. "ಭಾನುವಾರ ಅಷ್ಟು ಜನರ ಮುಂದೆ ಮತ್ತೆ ಅರ್ಧಕ್ಕೆ ನಿಂತ್ರೆ ಅಂತ ಭಯ ಆಯ್ತು. ನಾನೇ ಬೇಡ ಅಂದೆ."

ಅವಳು ಬೈದಿದ್ದರೆ ಲೆಕ್ಕದಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು. "ಒಳಗೆ ಹೋಗಿ ಹೇಳೋಣ ಬಾರೇ, ಇನ್ನೂ ಹೊತ್ತಿದೆ" ಎಂದು ಅವಳ ತೋಳು ಹಿಡಿದಳು.

"ಬೇಡ ಅಕ್ಕಾ. ನನ್ ಬದಲು ಕುಣಿಯೋ ಅಕ್ಕನೂ ನಿನ್ನೆಯಿಂದ ಊಟ ನಿದ್ದೆ ಬಿಟ್ಟು ಅಭ್ಯಾಸ ಮಾಡ್ತಿದಾಳೆ. ಕೊಟ್ಟಿದ್ದು ಕಿತ್ಕೊಳ್ಳೋಕಾಗುತ್ತಾ?" ಎಂದಳು ಹುಡುಗಿ. ಆಮೇಲೆ ಕೈ ಚಾಚಿದಳು. "ವಿಡಿಯೋ ಇದೆ ಅಂದ್ರಲ್ಲ. ತೋರ್ಸಿ."

ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಬಿಸಿಲಿಗೆ ಬೆನ್ನು ತಿರುಗಿಸಿ ನೋಡಿದಳು. ಅವಳ ತುಟಿ ಅಲುಗುತ್ತಿತ್ತು. ಬೈಗುಳ ಬಂದಲ್ಲಿ ತುಟಿ ಇನ್ನೂ ಬಿಗಿಯಾಯಿತು, ಎಣಿಕೆ ನಿಲ್ಲಲಿಲ್ಲ. ಚಪ್ಪಾಳೆಯ ಸದ್ದು ಮುಗಿದ ಮೇಲೂ ಅವಳು ಫೋನ್ ಕೊಡಲಿಲ್ಲ. ತಲೆ ಎತ್ತಿದಾಗ ಕಣ್ಣು ತುಂಬಿ ಹರಿಯುತ್ತಿತ್ತು.

"ಆಗಿತ್ತಾ ಅಕ್ಕಾ? ನನ್ ಕೈಲಿ ಆಗಿತ್ತಾ?"

"ಆಗಿತ್ತು ಕಣೇ" ಎಂದಳು ಲೆಕ್ಕದಕ್ಕ. "ಪೂರ್ತಿ ಆಗಿತ್ತು."