ಮಾತು ತುಂಡಾಗದಷ್ಟು ಓಟ

ಅಣ್ಣ ನಲವತ್ತೆಂಟನೆಯ ವಯಸ್ಸಿಗೆ ಕಬ್ಬಿನ ಹೊಲದಲ್ಲಿ ಎದೆ ಹಿಡಿದುಕೊಂಡು ಕುಸಿದು ತೀರಿಕೊಂಡಿದ್ದ. ನನಗೂ ಅಷ್ಟೇ ವಯಸ್ಸಾದ ವರ್ಷ ರಾಯಬಾಗದ ಡಾಕ್ಟರು ಇಸಿಜಿ ನೋಡಿ, "ನಿಮ್ಮ ಹೃದಯ ಚಲೋ ಐತ್ರಿ. ಬಿಪಿ ಇಳೀಬೇಕಂದ್ರ ಸಾವಕಾಶ ಓಡಾಕ ಶುರು ಮಾಡ್ರಿ" ಅಂದರು. ನಾನು ನಂಬಲಿಲ್ಲ; ಆದರೂ ಬಿಪಿಗೆ ಹೆದರಿ ಓಡಲು ಹೊರಟೆ.

ಮೊದಲ ದಿನ ಪಾಲಬಾವಿ ರಸ್ತೆಯಲ್ಲಿ, ಬೇಗ ಮುಗಿದರೆ ಸಾಕೆಂದು ಒಂದೇ ಉಸಿರಿಗೆ ಓಡಿದೆ. ಎದೆ ಡವಗುಟ್ಟಿತು, ಕಣ್ಣಿಗೆ ಕತ್ತಲೆ ಬಂತು. ನನ್ನ ಸರದಿಯೂ ಬಂತೆಂದು ರಸ್ತೆ ಬದಿಗೆ ಕುಳಿತುಬಿಟ್ಟೆ. ದಿನಾ ಅಲ್ಲಿ ಓಡುವ, ಶಾಲೆಯಲ್ಲಿ ಆಟ ಕಲಿಸಿ ನಿವೃತ್ತರಾದ ಟೀಚರೊಬ್ಬರು ನನ್ನನ್ನು ಕಂಡು ನಿಂತರು. ನನ್ನ ಉಸಿರು ಹತೋಟಿಗೆ ಬರುವ ತನಕ ಕಾದರು.

"ನಾಳೆ ನನ್ನ ಜೋಡಿ ಬರ್ರಿ ಅಕ್ಕಾರ. ಮಾತಾಡ್ಕೋತ ಓಡೂಣು. ಮಾತು ತುಂಡಾತಂದ್ರ ಓಟ ಕಡಿಮಿ ಮಾಡ್ರಿ."

ಮರುದಿನ ಏನು ಮಾತಾಡಬೇಕೋ ತಿಳಿಯಲಿಲ್ಲ. ಬಾಯಿಗೆ ಬಂದದ್ದು ಅಣ್ಣನ ಸಾವು. ಮನೆಯಲ್ಲೂ ಹೇಳದಿದ್ದ ಭಯವನ್ನೆಲ್ಲ ಹೇಳುತ್ತ ಓಡಿದೆ. ಹೆದರಿ ಕಾಲು ಜೋರಾದಾಗಲೆಲ್ಲ ಅವರು, "ಮಾತು ಕೇಳಸವಲ್ದು, ಸಾವಕಾಶ" ಅನ್ನುತ್ತಿದ್ದರು.

ಎರಡು ತಿಂಗಳಿಗೆ ಅರ್ಧ ತಾಸು ಒಂದೇ ಸಮ ಓಡುವುದು ಬಂತು. ಹೆದರಿಕೆ ಮಾತ್ರ ಹೋಗಿಲ್ಲ. ಎಷ್ಟೊತ್ತಿಗೆ ಮರಳುತ್ತೇನೆಂದು ಮನೆಯಲ್ಲಿ ಹೇಳದೆ ಇಂದಿಗೂ ನಾನು ಹೊಸ್ತಿಲು ದಾಟುವುದಿಲ್ಲ.