ಆಡಿ ಮುಗಿದರೂ ಅಕ್ಕ ಹೋಗಲಿಲ್ಲ

ಕಾರಿಗೆ ಹಾಕಿದ್ದ ಅಕ್ಕನ ಸೂಟ್‌ಕೇಸನ್ನು ನಾನು ಇಳಿಸಿ ಮತ್ತೆ ಮನೆಯೊಳಗೆ ಇಟ್ಟೆ. ಅವಳನ್ನು ಕರೆದೊಯ್ಯಲು ಮಡತ್ತುಕುಳಂನಿಂದ ಬಂದಿದ್ದ ಗಂಡ, ಅವನ ಅಪ್ಪ ಇಬ್ಬರೂ ಅಂಗಳದಲ್ಲಿ ನೋಡುತ್ತ ನಿಂತರು.

ನಮ್ಮಲ್ಲಿ ಮದುವೆಯಾದ ಮೊದಲ ಆಡಿ, ಅಂದರೆ ಆಷಾಢ, ತಿಂಗಳು ಹೆಣ್ಣು ತವರಲ್ಲಿರುತ್ತಾಳೆ. ಅಕ್ಕನೂ ಹಾಗೇ ಕಾರಮಡೈಗೆ ಬಂದಿದ್ದಳು. ನಮ್ಮ ತೋಟಕ್ಕೆ ಬಾಳೆ ಎಲೆಗೆ ಬಂದ ಹೆಂಗಸೊಬ್ಬಳು ಅಕ್ಕನ ಗಂಡನ ಮನೆ ಯಾವುದೆಂದು ಕೇಳಿದಳು. ಗೊತ್ತಾದ ಮೇಲೆ ಹೇಳಿದಳು: ತನ್ನ ತಂಗಿಯ ಮಗಳು ಅದೇ ಹುಡುಗನನ್ನು ಮದುವೆಯಾಗಿ, ಕೋರ್ಟಲ್ಲಿ ಡೈವೋರ್ಸ್ ತಗೊಂಡು ಬಿಟ್ಟು ಬಂದವಳು. ನಮಗೆ ಹುಡುಗನ ಮನೆಯವರು ಹೇಳಿದ್ದು ಇದೇ ಮೊದಲ ಮದುವೆ ಅಂತ. ನಾವೂ ಕುಲ ವಿಚಾರಿಸಿದೆವು, ಕುಲದೇವರ ಗುಡಿಯಲ್ಲಿ ಹೂ ಕೇಳಿದೆವು, ಶುಭದ ಬಿಳಿ ಹೂ ಬಂತೆಂದು ಒಪ್ಪಿದೆವು. ಅವರ ಊರಲ್ಲಿ ಒಬ್ಬರನ್ನೂ ಕೇಳಲಿಲ್ಲ.

ಅಕ್ಕ ಫೋನ್ ಮಾಡಿ ಗಂಡನನ್ನೇ ಕೇಳಿದಳು. ಹೌದು, ಅದು ಮುಗಿದ ವಿಷಯ ಎಂದ.

ಅವಳನ್ನು ಕೊಯಮತ್ತೂರಿನ ಆರ್.ಎಸ್. ಪುರಂನಲ್ಲಿ ವಕೀಲೆಯೊಬ್ಬರ ಹತ್ತಿರ ಕರೆದುಕೊಂಡು ಹೋದೆ. ಇಂಥದ್ದನ್ನು ಮುಚ್ಚಿಟ್ಟು ಮದುವೆ ಮಾಡಿದರೆ ಅದು ಮೋಸ, ಮದುವೆ ರದ್ದು ಮಾಡಿ ಅಂತ ಕೋರ್ಟನ್ನು ಕೇಳಬಹುದು ಎಂದರು. ಗೊತ್ತಾದ ಒಂದು ವರ್ಷದೊಳಗೆ ಕೇಳಬೇಕು. ಗೊತ್ತಾದ ಮೇಲೂ ಒಪ್ಪಿ ಹೋಗಿ ಸಂಸಾರ ಮಾಡಿದರೆ ಆ ದಾರಿ ಮುಚ್ಚಿತು, ಆಮೇಲೆ ಡೈವೋರ್ಸಿಗೇ ಅಲೆಯಬೇಕು.

ಅಪ್ಪ ಇಲ್ಲದ ನಮ್ಮ ಮನೆಯಲ್ಲಿ ದೊಡ್ಡಪ್ಪನ ಮಾತೇ ಕೊನೆ. ಅವರಿಗೆ ಇದನ್ನೆಲ್ಲ ಹೇಳಿದ್ದೆ. ಆದರೂ ಆಡಿ ಮುಗಿದು ಕಾರು ಬಂದ ದಿನ ಅವರು ಅದರ ಬಾಗಿಲು ತೆರೆದು ಹಿಡಿದು, ಶಾಸ್ತ್ರಕ್ಕೆ ಒಂದು ವಾರ ಹೋಗಿಬರಲಿ, ಆಮೇಲೆ ಕೂತು ಮಾತಾಡೋಣ ಎಂದರು.

"ಒಂದ್ ವಾರ ಹೋದ್ರೆ ಕೇಸೇ ನಿಲ್ಲಲ್ಲ ದೊಡ್ಡಪ್ಪ," ಎಂದೆ.

"ಎಂಟನೇ ಕ್ಲಾಸ್ ಫೇಲಾದವ್ನು ನಂಗೆ ಕಾನೂನು-ಸಟ್ಟಂ ಹೇಳ್ಕೊಡ್ತೀಯೇನೋ?"

"ಫೇಲಾದವ್ನಿಗೇ ಅರ್ಥ ಆಯ್ತಲ್ಲ."

ಹುಡುಗನ ಅಪ್ಪ ನನ್ನ ಕಡೆ ತಿರುಗಿ ನಕ್ಕ. "ಗಂಡ್ಸಿಗೆ ಇದೆಲ್ಲ ಒಂದು ಕೊರತೆನಾ ಮಾಪ್ಳೆ?"

"ನಮ್ ಅಕ್ಕಂಗೆ ಮೊದ್ಲೇ ಮದ್ವೆ ಆಗಿದ್ದಿದ್ರೆ ನೀವು ಈ ಮೆಟ್ಲು ಹತ್ತಿರ್ತಿದ್ರಾ ಮಾಮ?"

ಅವನು ಹೋಗಿ ಕಾರಿನಲ್ಲಿ ಕೂತ. ಮಗ, ಕಾರು ಹತ್ತು ಎಂದು ಅಕ್ಕನಿಗೆ ಹೇಳಿದ. ಅವಳು ಮನೆಯ ಬಾಗಿಲಿಗೆ ಬಂದಳು.

"ಮೊದ್ಲೇ ಹೇಳಿದ್ರೆ ನಾ ಒಪ್ತಿದ್ನೋ ಏನೋ. ಯೋಚ್ನೆ ಮಾಡೋಕೇ ಬಿಡ್ಲಿಲ್ಲ ನೀವು. ನಾ ಬರಲ್ಲ."

ಕಾರು ಅವಳಿಲ್ಲದೆ ಹೋಯಿತು. ಕೊಯಮತ್ತೂರಿನಲ್ಲಿ ಕೇಸು ಹಾಕಿದ್ದೇವೆ, ತೀರ್ಪು ಬಂದಿಲ್ಲ. ದೊಡ್ಡಪ್ಪ ನಮ್ಮನೆಗೆ ಬರುವುದು ಬಿಟ್ಟಿದ್ದಾರೆ, ಬಿಡಲಿ. ಮನೆಯ ಹೆಸರು ಕೆಟ್ಟಿತು ಅನ್ನುವವರು ಅನ್ನಲಿ. ಸುಳ್ಳು ಹೇಳಿದ್ದು ನಾವಲ್ಲ. ಇನ್ನು ಹೇಳಲು ನನ್ನ ಹತ್ತಿರ ಏನೂ ಇಲ್ಲ.